ಗೋಲಿಬಾರ್ ಸಾವಿನ ವಿಚಾರಣೆ: ವಕೀಲರ ಖರ್ಚು ಹೊಂದಿಸುವುದು ಹೇಗೆ?

ಪೊಲೀಸರ ಗುಂಡಿಗೆ ಮನೆಯವರೊಬ್ಬರು ಬಲಿಯಾದರೆ ಕುಟುಂಬದ ಮುಂದೆ ದುಃಖದ ಜೊತೆಗೇ ಕಾಗದಪತ್ರದ ದೊಡ್ಡ ರಾಶಿ ಬಂದು ಬೀಳುತ್ತದೆ. ಇಲಾಖೆಗೆ ಮೊದಲ ದಿನದಿಂದಲೇ ಸಲಹೆ ಕೊಡಲು ಸರ್ಕಾರಿ ವಕೀಲರಿದ್ದಾರೆ, ಅದರ ಖರ್ಚು ಖಜಾನೆಯದು. ಕುಟುಂಬಕ್ಕೆ ಆ ಅನುಕೂಲ ತಾನಾಗಿ ಬರುವುದಿಲ್ಲ. ಕೇಳಿ ಪಡೆಯಬೇಕು, ಅದೂ ಮೊದಲ ವಾರದಲ್ಲೇ. ಹೇಳಿಕೆ, ಮಹಜರು, ಮರಣೋತ್ತರ ಪರೀಕ್ಷೆ ಎಲ್ಲವೂ ಆ ದಿನಗಳಲ್ಲೇ ಮುಗಿದುಹೋಗುತ್ತವೆ.

ಮೊದಲು ಯಾವ ವಿಚಾರಣೆ ನಡೆಯುತ್ತಿದೆ ಎಂದು ತಿಳಿದುಕೊಳ್ಳಿ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್‌ನಲ್ಲಿ 16 ಸೂಚನೆಗಳನ್ನು ಕೊಟ್ಟಿತು. ಪೊಲೀಸ್ ಗುಂಡಿನಿಂದಾದ ಪ್ರತಿ ಸಾವಿಗೂ ಮ್ಯಾಜಿಸ್ಟೀರಿಯಲ್ ವಿಚಾರಣೆ, ಅಂದರೆ ಮ್ಯಾಜಿಸ್ಟ್ರೇಟರು ನಡೆಸುವ ವಿಚಾರಣೆ, ಆಗಲೇಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು. ಶವಪರೀಕ್ಷೆಯನ್ನು ಇಬ್ಬರು ವೈದ್ಯರು ಮಾಡಿ ವಿಡಿಯೊ ಚಿತ್ರೀಕರಿಸಬೇಕು. ಹತ್ತಿರದ ಸಂಬಂಧಿಕರಿಗೆ ಬೇಗನೆ ಸುದ್ದಿ ಮುಟ್ಟಿಸಬೇಕು. ಈ ಕ್ರಮ ಪಾಲನೆಯಾಗದಿದ್ದರೆ ಕುಟುಂಬ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು.

ಈ ವಿಚಾರಣೆಯ ಕ್ರಮ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 176ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 196ನೇ ಕಲಮು. ಸಾಧ್ಯವಿರುವ ಕಡೆಯೆಲ್ಲ ಸಂಬಂಧಿಕರಿಗೆ ತಿಳಿಸಿ, ವಿಚಾರಣೆಯಲ್ಲಿ ಹಾಜರಿರಲು ಬಿಡಬೇಕು ಎಂದು ಕಲಮು ಹೇಳುತ್ತದೆ. ವಕೀಲರ ಮಾತು ಅಲ್ಲಿಲ್ಲ. ಆದ್ದರಿಂದ ವಕೀಲರ ಮೂಲಕ ಭಾಗವಹಿಸಲು ಅವಕಾಶ ಕೊಡಿ ಎಂದು ಮ್ಯಾಜಿಸ್ಟ್ರೇಟರಿಗೆ ಲಿಖಿತ ಅರ್ಜಿ ಕೊಡಿ. ಸಾಕ್ಷ್ಯ ಪಡೆಯಲು ಕಾನೂನುಬದ್ಧ ಅಧಿಕಾರ ಇರುವ ಯಾರ ಮುಂದೆಯಾದರೂ ವಕೀಲರು ವೃತ್ತಿ ನಡೆಸಬಹುದು ಎನ್ನುವ 1961ರ ವಕೀಲರ ಕಾಯ್ದೆಯ 30ನೇ ಕಲಮನ್ನು ಅರ್ಜಿಯಲ್ಲಿ ಉಲ್ಲೇಖಿಸಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಈಗ ದುಡ್ಡಿನ ವಿಷಯ. ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ. ಮನೆಯ ಗಂಡಸರೊಬ್ಬರು ಕಾನೂನು ನೆರವಿಗೆ ಅರ್ಜಿ ಹಾಕುತ್ತಾರೆ, ಆದಾಯ ಮಿತಿ ಮೀರಿದೆ ಎಂದು ಅದು ತಿರಸ್ಕೃತವಾಗುತ್ತದೆ. ಅರ್ಜಿಯನ್ನು ಸತ್ತವರ ಹೆಂಡತಿ ಅಥವಾ ತಾಯಿಯ ಹೆಸರಿನಲ್ಲಿ ಹಾಕಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಕಾಯ್ದೆ ಪಟ್ಟಿ ಮಾಡಿದ ಇಂಥ ವರ್ಗಗಳಿಗೆ ಸೇರದವರಿಗೆ ಮಾತ್ರ ಆದಾಯ ಮಿತಿ.

ಅರ್ಜಿ ಕೊಡುವ ಜಾಗ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ತಾಲ್ಲೂಕಿನಲ್ಲಿ ಸಮಿತಿ ಇದೆ, 15100 ಸಹಾಯವಾಣಿಯೂ ಇದೆ. ಗುರುತಿನ ಚೀಟಿ, ಸತ್ತವರೊಂದಿಗಿನ ಸಂಬಂಧ ತೋರಿಸುವ ಪಡಿತರ ಚೀಟಿಯಂಥ ದಾಖಲೆ, ಎಫ್‌ಐಆರ್ ಪ್ರತಿ ಇದ್ದರೆ ಅದು, ಇಷ್ಟು ಹಿಡಿದುಕೊಂಡು ಹೋಗಿ. ‘ಇದು ಕೋರ್ಟ್ ಕೇಸಲ್ಲ, ವಿಚಾರಣೆ ಅಷ್ಟೆ’ ಎಂದು ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ. ನ್ಯಾಯಾಲಯ ಮಾತ್ರವಲ್ಲದೆ ಇತರ ಪ್ರಾಧಿಕಾರಗಳ ಮುಂದಿನ ನಡಾವಳಿಯೂ ಕಾನೂನು ಸೇವೆಯ ವ್ಯಾಪ್ತಿಗೆ ಬರುತ್ತದೆಂದು ಅದೇ ಕಾಯ್ದೆ ಹೇಳುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡಲು ಕೇಳಿ, ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕಿ.

ನೆರವು ಎಂದರೆ ವಕೀಲರ ಫೀಸು ಒಂದೇ ಅಲ್ಲ. ಕೋರ್ಟ್ ಶುಲ್ಕ, ಟೈಪಿಂಗ್, ಅನುವಾದ, ದಾಖಲೆಗಳ ನಕಲು ಎಲ್ಲವೂ ಅದರಲ್ಲಿ ಸೇರುತ್ತವೆ. ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು (ಪ್ಯಾನಲ್ ವಕೀಲರು) ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ದೂರು ಕೊಡಿ. ಇಂಥ ಪ್ರಕರಣ ನಡೆಸಿದ ಅನುಭವ ಇರುವವರನ್ನೇ ನೇಮಿಸಿ ಎಂದು ಅರ್ಜಿಯಲ್ಲೇ ಬರೆಯಿರಿ. ಪ್ಯಾನಲ್‌ನಲ್ಲಿ ಇಲ್ಲದ ಹಿರಿಯ ವಕೀಲರನ್ನು ವಿಶೇಷವಾಗಿ ನೇಮಿಸಲೂ ನಿಯಮಗಳಲ್ಲಿ ದಾರಿ ಇದೆ, ಅದನ್ನು ಸಂಕೋಚವಿಲ್ಲದೆ ಕೇಳಿ.

ಸ್ವಂತ ವಕೀಲರನ್ನು ಹಿಡಿಯುವುದಾದರೆ ‘ಈಗ ಏನೂ ಬೇಡ, ಪರಿಹಾರ ಬಂದಾಗ ಅದರಲ್ಲಿ ಪಾಲು ಕೊಡಿ’ ಎನ್ನುವವರಿಂದ ದೂರ ಇರಿ. ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮಾನವ ಹಕ್ಕು ಸಂಘಟನೆಗಳ ಜೊತೆ ಕೆಲಸ ಮಾಡುವ ಎಷ್ಟೋ ವಕೀಲರು ಫೀಸಿಲ್ಲದೆ ವಕಾಲತ್ತು ವಹಿಸುತ್ತಾರೆ. ಆ ಬಾಗಿಲನ್ನೂ ತಟ್ಟಿ.

ಊರಿನವರು, ಸಂಘದವರು ಚಂದಾ ಎತ್ತಿದರೆ ಆ ಹಣವನ್ನು ವಕೀಲರ ಫೀಸಿಗೆ ಸುರಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಚಿತವಾಗಿ ಸಿಗುವುದಕ್ಕೆ ಯಾಕೆ ಖರ್ಚು? ಶವಪರೀಕ್ಷೆಯ ವರದಿಯನ್ನು ಓದಿ, ಗುಂಡು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತು ಎಂದು ಹೇಳಬಲ್ಲ ಸ್ವತಂತ್ರ ವಿಧಿವಿಜ್ಞಾನ ತಜ್ಞರಿಗೆ ಆ ದುಡ್ಡು ಮೀಸಲಿರಲಿ. ಬೆಂಗಳೂರಿನ ಹೈಕೋರ್ಟಿಗೆ ಓಡಾಡುವ ಬಸ್ ಚಾರ್ಜು, ಕೂಲಿ ಬಿಟ್ಟು ಸಾಕ್ಷಿ ಹೇಳಲು ಬರುವವರ ಊಟ, ಇವೂ ಅದರಿಂದಲೇ ಹೋಗಬೇಕು. ಮನೆಯವರೊಬ್ಬರು, ಹೊರಗಿನವರೊಬ್ಬರು ಸೇರಿ ಜಂಟಿ ಖಾತೆ ತೆರೆದು ಪ್ರತಿ ಖರ್ಚಿಗೂ ರಸೀದಿ ಇಡಿ. ಸಂಘದ ಹೆಸರಿನಲ್ಲಿ ವಿದೇಶಿ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಅದಿಲ್ಲದೆ ಮುಟ್ಟಬೇಡಿ.

ಪರಿಹಾರ ನಂಬಿ ಸಾಲ ಮಾಡುವುದು ಇನ್ನೊಂದು ಅಪಾಯ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ನಡೆದ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ತಲಾ 10 ಲಕ್ಷ ರೂಪಾಯಿ ಪರಿಹಾರವನ್ನು ಸರ್ಕಾರವೇ ಘೋಷಿಸಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಘೋಷಣೆ ಆದದ್ದೆಲ್ಲ ಕೈಗೆ ಬರುವುದಿಲ್ಲ. ಸಂತ್ರಸ್ತರ ಪರಿಹಾರ ಯೋಜನೆಗೆ ಅದೇ ಜಿಲ್ಲಾ ಪ್ರಾಧಿಕಾರದಲ್ಲಿ ಪ್ರತ್ಯೇಕ ಅರ್ಜಿ ಹಾಕಿ, ವಕೀಲರ ನೆರವನ್ನು ಅದಕ್ಕೆ ತಳುಕು ಹಾಕಬೇಡಿ.

ಸರ್ಕಾರ ನ್ಯಾಯಾಂಗ ಆಯೋಗ ನೇಮಿಸಿದರೆ ದಾರಿ ಬೇರೆ. ಅಲ್ಲಿ 1952ರ ವಿಚಾರಣಾ ಆಯೋಗಗಳ ಕಾಯ್ದೆಯ 8ಸಿ ಕಲಮಿನಡಿ, ಸಾಕ್ಷಿ ಹೇಳಿದವರು ಆಯೋಗದ ಅನುಮತಿ ಪಡೆದು ವಕೀಲರನ್ನು ಇಟ್ಟುಕೊಳ್ಳಬಹುದು, ಪಾಟೀಸವಾಲು ಮಾಡಿಸಬಹುದು. ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸುವಾಗಲೇ ಅನುಮತಿಯ ಅರ್ಜಿಯನ್ನೂ ಜೊತೆಗಿಡಿ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದ ಒಂದು ವರ್ಷದೊಳಗೆ ದೂರು ತಲುಪಿರಬೇಕು.