ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಇಂಟೆಲಿಜೆನ್ಸ್’ ಎಂಬ ಮಾತನ್ನು ಓದುವ ಬಗೆ

ಶ್ರೀರಂಗಪಟ್ಟಣದ ಮುತ್ತಿಗೆಯ ಬಗ್ಗೆಯೋ ಮೈಸೂರು ಅರಸರ ಆಳ್ವಿಕೆಯ ಬಗ್ಗೆಯೋ ಬರೆಯಹೊರಟವರು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಇಂಗ್ಲಿಷ್ ಪತ್ರಿಕೆಗಳನ್ನು ನೋಡದೆ ವಿಧಿಯಿಲ್ಲ. ಅಲ್ಲಿ ಮತ್ತೆ ಮತ್ತೆ ಎದುರಾಗುವ ಮಾತು ‘ಇಂಟೆಲಿಜೆನ್ಸ್’. ಇಂದಿನ ರೂಢಿಯಂತೆ ಅದನ್ನು ಬುದ್ಧಿಶಕ್ತಿ ಎಂದೋ ಬೇಹುಗಾರಿಕೆ ಎಂದೋ ತಿಳಿದುಕೊಂಡರೆ, ಸಾಧಾರಣ ಸುದ್ದಿಯೊಂದು ಗೂಢಚಾರರ ವರದಿಯೆಂಬ ವೇಷದಲ್ಲಿ ನಮ್ಮ ಸೀಮೆಯ ಚರಿತ್ರೆಯೊಳಗೆ ಸೇರಿಬಿಡುತ್ತದೆ.

ಮೊದಲು ಆ ಮಾತು ಅಚ್ಚಾಗಿರುವ ಜಾಗವನ್ನು ಗಮನಿಸಬೇಕು. ಅಂಕಣದ ತಲೆಬರಹದಲ್ಲಿದ್ದರೆ ಅದರ ಅರ್ಥ ಸುದ್ದಿ ಎಂದಷ್ಟೇ. ‘ಷಿಪ್ಪಿಂಗ್ ಇಂಟೆಲಿಜೆನ್ಸ್’ ಎಂದರೆ ಹಡಗುಗಳು ಬಂದುಹೋದ ವಿವರ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ‘ಲೇಟೆಸ್ಟ್ ಇಂಟೆಲಿಜೆನ್ಸ್’ ಎಂದರೆ ಆಗತಾನೆ ಕೈಸೇರಿದ ವಾರ್ತೆ. ಹೆಚ್ಚು ಎಚ್ಚರ ಬೇಕಾದದ್ದು ‘ನೇವಲ್ ಅಂಡ್ ಮಿಲಿಟರಿ ಇಂಟೆಲಿಜೆನ್ಸ್’ ಎಂಬ ತಲೆಬರಹದ ಮುಂದೆ. ಸೈನ್ಯದ ಹೆಸರು ಪಕ್ಕದಲ್ಲೇ ಇರುವುದರಿಂದ ಅದು ಬೇಹಿನ ಮಾತೆಂದು ತೋರುತ್ತದೆಯಾದರೂ, ಅಲ್ಲಿ ಸಿಗುವುದು ಸಾಮಾನ್ಯವಾಗಿ ಅಧಿಕಾರಿಗಳ ನೇಮಕ, ಬಡ್ತಿ, ವರ್ಗಾವಣೆ ಮತ್ತು ಯುದ್ಧನೌಕೆಗಳ ಓಡಾಟದ ಸಂಗತಿ.

ವಾಕ್ಯದೊಳಗೆ ಬಂದಾಗ ಅದರ ಜೊತೆಗಿರುವ ಕ್ರಿಯಾಪದವನ್ನು ನೋಡಿ. ಇಂಟೆಲಿಜೆನ್ಸ್ ‘ಬಂದಿದೆ’, ‘ತಲುಪಿದೆ’ ಎಂದಿದ್ದರೆ ಅದು ಹಡಗಿನಲ್ಲೋ ಕಾಗದದಲ್ಲೋ ಬಂದ ಸಮಾಚಾರ. ಆಗ ಎರಡು ತಾರೀಖುಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ: ಘಟನೆ ನಡೆದದ್ದು ಒಂದು, ಸುದ್ದಿ ಅಚ್ಚಾದದ್ದು ಇನ್ನೊಂದು. ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದದ್ದು 1799ರ ಮೇ 4ರಂದು. ಅದು ಲಂಡನ್ನಿಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ. ನಡುವಿನ ತಿಂಗಳುಗಳ ಲಂಡನ್ ಪತ್ರಿಕೆಗಳು ಟಿಪ್ಪು ಇನ್ನೂ ಬದುಕಿದ್ದಾನೆಂದೇ ಬರೆದಿದ್ದರೆ ಅದನ್ನು ಸುಳ್ಳೆಂದು ತಳ್ಳಿಹಾಕುವುದು ಅನ್ಯಾಯ. 1865ರಲ್ಲಿ ಭಾರತಕ್ಕೂ ಯುರೋಪಿಗೂ ತಂತಿ ಸಂಪರ್ಕ ಏರ್ಪಟ್ಟ ಮೇಲೆ ಈ ಅಂತರ ಬಹಳ ಕಿರಿದಾಯಿತು.

ಬೇಹಿನ ಅರ್ಥವೂ ಇಲ್ಲದಿಲ್ಲ. ಸೇನಾಪತಿಗಳು ಬರೆದ ವರದಿಗಳನ್ನು ಪತ್ರಿಕೆಗಳು ಹಾಗೆಯೇ ಎತ್ತಿ ಅಚ್ಚು ಹಾಕುತ್ತಿದ್ದುದರಿಂದ, ಅಂಥಲ್ಲಿ ಈ ಮಾತು ಶತ್ರುವಿನ ಚಲನವಲನದ ಮಾಹಿತಿಯನ್ನು ಹೇಳುತ್ತಿರಬಹುದು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯವರೆಗೆ ದಂಡೆತ್ತಿ ಬಂದಿದ್ದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ದವಸವಿಲ್ಲದೆ, ಮಳೆಯಲ್ಲಿ ನೆನೆದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಅವನ ಜೊತೆ ಸೇರಬೇಕಾಗಿದ್ದ ಮರಾಠರ ದಂಡು ಹತ್ತಿರದಲ್ಲೇ ಇತ್ತು. ಆದರೆ ಟಿಪ್ಪುವಿನ ಕುದುರೆ ಸವಾರರು ಸುದ್ದಿ ಒಯ್ಯುವ ಹರಿಕಾರರನ್ನು ದಾರಿಯಲ್ಲೇ ತಡೆದಿದ್ದರಿಂದ ಆ ವರ್ತಮಾನ ಅವನಿಗೆ ಮುಟ್ಟಿರಲಿಲ್ಲ. ಇಂಥ ಪ್ರಸಂಗದ ವರದಿಯಲ್ಲಿ ‘ಇಂಟೆಲಿಜೆನ್ಸ್ ಇರಲಿಲ್ಲ’ ಎಂಬ ಮಾತು ಕಂಡರೆ ಅದನ್ನು ಬೇಹಿನ ಸುದ್ದಿ ಎಂದು ಓದುವುದೇ ಸರಿ.

ಕನ್ನಡಕ್ಕೆ ತರುವಾಗ ಹೊಸ ಪದ ಕಟ್ಟಬೇಕಾಗಿಲ್ಲ. 1843ರಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆಯ ಹೆಸರೇ ‘ಮಂಗಳೂರ ಸಮಾಚಾರ’. ಮೈಸೂರಿನಲ್ಲಿ ತಾತಯ್ಯನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ನಡೆಸಿದ್ದು ‘ವೃತ್ತಾಂತ ಚಿಂತಾಮಣಿ’. ತಲೆಬರಹಕ್ಕೆ ‘ಸಮಾಚಾರ’, ವಿವರವಾದ ವರದಿಗೆ ‘ವೃತ್ತಾಂತ’, ದಂಡಿನ ಸಂದರ್ಭಕ್ಕೆ ‘ಬೇಹಿನ ಸುದ್ದಿ’ ಎಂದು ಬಳಸುವುದು ನನಗೆ ಹೆಚ್ಚು ಒಪ್ಪುತ್ತದೆ.

ಡಿಜಿಟಲ್ ಸಂಗ್ರಹಗಳಲ್ಲಿ ಹುಡುಕುವವರು ‘ಇಂಟೆಲಿಜೆನ್ಸ್’ ಜೊತೆಗೆ ‘ಅಡ್ವೈಸಸ್’ ಎಂಬ ಪದವನ್ನೂ ಕೊಡಬೇಕು. ಆ ಕಾಲದಲ್ಲಿ ಅದೂ ದೂರದಿಂದ ಬಂದ ಸುದ್ದಿಗೇ ಸಲ್ಲುತ್ತಿತ್ತು. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಪದದ ನಡುವಿನ ‘ಎಸ್’ ಅಕ್ಷರವನ್ನು ಉದ್ದವಾಗಿ ಮೂಡಿಸುತ್ತಿದ್ದು, ಕಂಪ್ಯೂಟರು ಅದನ್ನು ‘ಎಫ್’ ಎಂದು ಓದಿಬಿಡುತ್ತದೆ. ಆದ್ದರಿಂದ ಮೈಸೂರಿನ ಹಳೆಯ ಇಂಗ್ಲಿಷ್ ಹೆಸರಿನಲ್ಲಿ ‘ಎಸ್’ ಇರುವ ಜಾಗಕ್ಕೆ ‘ಎಫ್’ ಹಾಕಿ ಇನ್ನೊಮ್ಮೆ ಹುಡುಕಿ.