ಆಷಾಢದಲ್ಲಿ ಎಣಿಸಿದ ಗಾಡಿಗಳು: ಒಂದು ಸ್ಟಾಕ್‌ಯಾರ್ಡಿನ ಸಂಚಾರ ಅಧ್ಯಯನ

ನೆಲಮಂಗಲದಿಂದ ದಾಬಸ್‌ಪೇಟೆಯ ಕಡೆಗೆ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಹಳ್ಳಿಯ ರಸ್ತೆಗೆ ತಾಗಿದ ಜಮೀನಿನಲ್ಲಿ ಹೊಸ ಕಾರುಗಳನ್ನು ನಿಲ್ಲಿಸುವ ಸ್ಟಾಕ್‌ಯಾರ್ಡ್ ಮಾಡಲು ಒಂದು ಸಂಸ್ಥೆ ಮುಂದಾದಾಗ, ಅದರಿಂದ ಸುತ್ತಲಿನ ಸಂಚಾರಕ್ಕೆ ಏನಾಗುತ್ತದೆ ಎಂದು ಅಳೆದು ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಖಾನೆಯಿಂದ ಟ್ರೇಲರ್‌ಗಳಲ್ಲಿ ಬಂದ ಕಾರುಗಳು ಅಲ್ಲಿ ಇಳಿಯುತ್ತವೆ. ಶೋರೂಮುಗಳು ಕೇಳಿದಂತೆ ಒಂದೊಂದಾಗಿ ಹೊರಡುತ್ತವೆ. ಸುಮಾರು 1,500 ಕಾರುಗಳಿಗೆ ಜಾಗ, ದಿನಕ್ಕೆ ಸರಾಸರಿ 80 ಕಾರು ಒಳಗೆ, 80 ಹೊರಗೆ ಎಂದು ಸಂಸ್ಥೆಯವರು ಲೆಕ್ಕ ಕೊಟ್ಟಿದ್ದರು.

ಮೊದಲ ಲೆಕ್ಕ ಅರ್ಧ ದಿನದಲ್ಲಿ ಮುಗಿಯಿತು. ಒಂದು ಟ್ರೇಲರಿನಲ್ಲಿ ಎಂಟು ಕಾರು ಎಂದರೆ ದಿನಕ್ಕೆ ಹತ್ತು ಟ್ರೇಲರ್, ಹೋಗಿ ಬರುವುದು ಸೇರಿ ಇಪ್ಪತ್ತು ಓಡಾಟ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಗ್ರಾಮಾಂತರ ರಸ್ತೆಯ ಮೇಲೆ ಒಂದು ಟ್ರಕ್-ಟ್ರೇಲರ್ 4.5 ಪಿಸಿಯು, ಅಂದರೆ ನಾಲ್ಕೂವರೆ ಕಾರಿಗೆ ಸಮ; ಹೀಗಾಗಿ ಟ್ರೇಲರ್‌ಗಳಿಂದ 90 ಪಿಸಿಯು. ಹೊರಗೆ ಹೋಗುವ ಕಾರುಗಳಿಂದ 80. ಅವನ್ನು ಓಡಿಸಿಕೊಂಡು ಹೋಗುವ ಚಾಲಕರನ್ನು ತಂದುಬಿಡುವ ವ್ಯಾನುಗಳಿಂದ ಇನ್ನೊಂದು 20. ಎಲ್ಲ ಸೇರಿ 190. ಐದೂವರೆ ಮೀಟರ್ ಅಗಲದ ಆ ರಸ್ತೆಗೆ ಅದೇ ಮಾರ್ಗಸೂಚಿಗಳು ಹಾಕಿಕೊಟ್ಟಿರುವ ಮಿತಿ ದಿನಕ್ಕೆ 6,000 ಪಿಸಿಯು. ಏಳು ದಿನ, ಇಪ್ಪತ್ನಾಲ್ಕು ಗಂಟೆಯೂ ಹುಡುಗರನ್ನು ಕೂರಿಸಿ ಎಣಿಸಿದಾಗ ಅಲ್ಲಿನ ಈಗಿನ ಓಡಾಟ ಆ ಮಿತಿಯ ಅರ್ಧವನ್ನೂ ಮುಟ್ಟಿರಲಿಲ್ಲ. ಪರಿಣಾಮ ನಗಣ್ಯ ಎಂದು ಬರೆದು ವರದಿ ಮುಗಿಸಬಹುದಿತ್ತು, ಸಂಸ್ಥೆಗೆ ಬೇಕಾಗಿದ್ದುದೂ ಅಷ್ಟೇ.

ನನ್ನನ್ನು ತಡೆದದ್ದು ಹಾಲಿನ ಡೇರಿಯ ಮುಂದೆ ಕುಳಿತಿದ್ದ ಹಿರಿಯರೊಬ್ಬರ ಮಾತು. ನಾವು ಏನು ಎಣಿಸುತ್ತಿದ್ದೇವೆಂದು ವಿಚಾರಿಸಿ, "ಆಷಾಢದಲ್ಲಿ ಯಾರು ಸ್ವಾಮಿ ಗಾಡಿ ತಗೋತಾರೆ?" ಎಂದರು. ಅವರು ಹೇಳಿದ್ದು ನಮ್ಮ ಎಣಿಕೆಯ ಕುರಿತು ಮಾತ್ರವಲ್ಲ, ಸಂಸ್ಥೆಯವರು ಕೊಟ್ಟ ಸರಾಸರಿಯ ಕುರಿತೂ ಪೂರ್ತಿ ಸರಿಯಾಗಿತ್ತು. ನಮ್ಮ ಕಡೆ ಆಷಾಢದಲ್ಲಿ ಹೊಸ ವಾಹನದ ಡೆಲಿವರಿ ಪಡೆಯುವವರು ಕಡಿಮೆ. ಆದರೆ ಕಾರ್ಖಾನೆ ಆಷಾಢವೆಂದು ನಿಲ್ಲುವುದಿಲ್ಲ. ಆ ತಿಂಗಳು ಯಾರ್ಡು ತುಂಬುತ್ತದೆ, ಶ್ರಾವಣ ಬಂದ ಮೇಲೆ ಖಾಲಿಯಾಗತೊಡಗುತ್ತದೆ, ಆಯುಧಪೂಜೆಯ ಹಿಂದಿನ ನಾಲ್ಕಾರು ದಿನಗಳಲ್ಲಿ ಎಲ್ಲ ಶೋರೂಮುಗಳಿಗೂ ಒಟ್ಟಿಗೇ ಕಾರು ಬೇಕಾಗುತ್ತದೆ. ಅಕ್ಷಯ ತದಿಗೆ, ಯುಗಾದಿಗಳದ್ದೂ ಇದೇ ಕಥೆ. ಇದರ ಜೊತೆಗೆ ಪ್ರತಿ ತಿಂಗಳ ಕೊನೆಯಲ್ಲಿ ಮಾರಾಟದ ಗುರಿ ಮುಟ್ಟಲು ನಡೆಯುವ ಧಾವಂತ ಬೇರೆ. ಸರಾಸರಿ ದಿನ ಎನ್ನುವುದು ಇಂಥ ಜಾಗದಲ್ಲಿ ಕಾಗದದ ಮೇಲೆ ಮಾತ್ರ ಇರುತ್ತದೆ.

ಆದ್ದರಿಂದ ಬೇರೊಂದು ಊರಿನಲ್ಲಿ ಆಗಲೇ ನಡೆಯುತ್ತಿದ್ದ ಅಂಥದ್ದೇ ಯಾರ್ಡಿನ ಗೇಟಿನೆದುರು ತಿಂಗಳ ಕೊನೆಯ ಎರಡು ದಿನ ಹೋಗಿ ಕುಳಿತೆ. ಅಲ್ಲಿ ಕಂಡದ್ದರಿಂದ ನನ್ನ ಇಡೀ ಅಧ್ಯಯನದ ದಿಕ್ಕೇ ಬದಲಾಯಿತು. ಓಡುತ್ತಿರುವ ಟ್ರೇಲರಿನಿಂದ ತೊಂದರೆ ಅಷ್ಟಿಲ್ಲ, ನಿಂತ ಟ್ರೇಲರಿನಿಂದ ತೊಂದರೆ. ಗೇಟಿನಲ್ಲೇ ಕಾಗದಪತ್ರ ನೋಡಿ, ಸೀಲು ಪರೀಕ್ಷಿಸಿ, ಪಾಸು ಬರೆಯುವಷ್ಟರಲ್ಲಿ ಹಿಂದೆ ಇನ್ನೆರಡು ಬಂದು ನಿಲ್ಲುತ್ತಿದ್ದವು. ಒಮ್ಮೆಗೆ ಆರು ಟ್ರೇಲರ್ ನಿಂತರೆ, ಒಂದೊಂದೂ ಹದಿನೆಂಟು ಮೀಟರ್ ಎಂದಿಟ್ಟುಕೊಂಡರೂ, ನಡುವಿನ ಅಂತರ ಸೇರಿ ನೂರಿಪ್ಪತ್ತು ಮೀಟರಿಗೂ ಹೆಚ್ಚು ಉದ್ದದ ಸಾಲು. ನಮ್ಮ ಐದೂವರೆ ಮೀಟರಿನ ರಸ್ತೆಯಲ್ಲಿ ಎರಡೂವರೆ ಮೀಟರ್ ಅಗಲದ ಟ್ರೇಲರ್ ಪಕ್ಕಕ್ಕೆ ನಿಂತರೆ ಉಳಿಯುವುದು ಮೂರು ಮೀಟರ್. ಬಸ್ಸೊಂದು ಉಸಿರು ಹಿಡಿದು ದಾಟಬೇಕು, ಎದುರಿಗೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಬಂದರೆ ಇಬ್ಬರೂ ನಿಲ್ಲಬೇಕು. ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಆ ಅಂಚಿನಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳನ್ನು ನಾನು ಪಿಸಿಯು ಪಟ್ಟಿಯ ಯಾವ ಕಲಂನಲ್ಲಿ ಬರೆಯಲಿ? ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಇನ್ನೊಂದು ಪರೀಕ್ಷೆ ತಿರುವಿನದು. ನಕ್ಷೆಯ ಮೇಲೆ ತಿರುವಿನ ತ್ರಿಜ್ಯ ಸಾಕಾಗುವಂತೆ ಕಾಣುತ್ತಿತ್ತು. ಆದರೂ ಒಂದು ಖಾಲಿ ಟ್ರೇಲರನ್ನು ಬೆಳಗಿನ ಆರು ಗಂಟೆಗೆ ಸರ್ವಿಸ್ ರಸ್ತೆಯಿಂದ ಹಳ್ಳಿಯ ರಸ್ತೆಗೆ ಎಡಕ್ಕೆ ತಿರುಗಿಸಲು ಕೇಳಿಕೊಂಡೆ, ಚಕ್ರ ಹಾದ ಜಾಡನ್ನು ನನ್ನ ಸಹಾಯಕ ಸುಣ್ಣದ ಪುಡಿಯಲ್ಲಿ ಗುರುತು ಮಾಡುತ್ತ ಬಂದ. ಮುಂದಿನ ಭಾಗ ಸಲೀಸಾಗಿ ತಿರುಗಿತು. ಹಿಂದಿನ ಚಕ್ರಗಳು ಒಳಗಡೆಗೆ ಸರಿದು, ಚರಂಡಿಯ ಮೇಲಿನ ಕಲ್ಲುಚಪ್ಪಡಿಯನ್ನು ಹತ್ತಿ ಇಳಿದವು, ಚಪ್ಪಡಿ ನಡುವಿನಿಂದ ಎರಡು ಹೋಳಾಯಿತು. ಅದನ್ನು ಅದೇ ದಿನ ಹಾಕಿಸಿಕೊಟ್ಟೆವು. ಆ ಸುಣ್ಣದ ಗೆರೆಯ ಫೋಟೊ ವರದಿಯ ಐದು ಪುಟದ ಲೆಕ್ಕಕ್ಕಿಂತ ಹೆಚ್ಚು ಕೆಲಸ ಮಾಡಿತು.

ಕೊನೆಗೆ ನಾನು ಶಿಫಾರಸು ಮಾಡಿದ್ದು ರಸ್ತೆ ಅಗಲ ಮಾಡುವುದನ್ನಲ್ಲ. ಗೇಟನ್ನು ಕಾಂಪೌಂಡಿನಿಂದ ಒಳಗೆ ಸರಿಸಿ, ಆರು ಟ್ರೇಲರ್‌ಗಳು ಜಮೀನಿನೊಳಗೇ ಎರಡು ಸಾಲಿನಲ್ಲಿ ಕಾಯುವಂತೆ ಮಾಡಬೇಕು. ಕಾಗದ ನೋಡುವ ಕೆಲಸ ಆ ಸಾಲಿನ ಕೊನೆಯಲ್ಲಿ ಆಗಬೇಕು. ಶಾಲೆಯ ಹೊತ್ತಿನಲ್ಲಿ ಟ್ರೇಲರ್ ಹಳ್ಳಿಯ ರಸ್ತೆಗೆ ಇಳಿಯಬಾರದು. ತಿರುವಿನ ಮೂಲೆಯನ್ನು ಸಂಸ್ಥೆಯ ಖರ್ಚಿನಲ್ಲೇ ಅಗಲಿಸಬೇಕು. ಸಂಸ್ಥೆಯವರು ಅರವತ್ತು ಕಾರು ನಿಲ್ಲಿಸುವ ಜಾಗ ಹೋಗುತ್ತದೆಂದು ಮೂರು ಸಭೆಗಳಲ್ಲಿ ವಾದಿಸಿದರು. ಊರಿನ ರಸ್ತೆಯನ್ನು ನಿಮ್ಮ ಕಾಯುವ ಜಾಗವಾಗಿ ಬಳಸಲು ನಾನು ಸಹಿ ಹಾಕಲಾರೆ ಎಂದು ಮೂರು ಸಲವೂ ಹೇಳಿದೆ. ನಾಲ್ಕನೆಯ ಸಭೆಯಲ್ಲಿ ಒಪ್ಪಿದರು.

ಯಾರ್ಡು ಶುರುವಾದ ಮೇಲೆ ಮೊದಲ ಆಯುಧಪೂಜೆಯ ಹಿಂದಿನ ದಿನ ಯಾರೂ ಕರೆಯದಿದ್ದರೂ ಹೋಗಿ ನೋಡಿದೆ. ಐದು ಟ್ರೇಲರ್ ಒಳಗಡೆ ಕಾಯುತ್ತಿದ್ದವು, ರಸ್ತೆಯಲ್ಲಿ ಒಂದೂ ಇರಲಿಲ್ಲ. ಆದರೆ ಶೋರೂಮುಗಳಿಂದ ಚಾಲಕರನ್ನು ಕರೆತಂದ ಏಳೆಂಟು ವ್ಯಾನುಗಳು ಗೇಟಿನೆದುರಿನ ಟೀ ಅಂಗಡಿಯ ಮುಂದೆ ಎರಡು ಬದಿಗೂ ನಿಂತು ದಾರಿಯನ್ನು ಕಿರಿದು ಮಾಡಿದ್ದವು. 20 ಪಿಸಿಯು ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದ ವಾಹನಗಳೇ ಅವು. ಮಾರನೆಯ ವಾರ ಸಂಸ್ಥೆಗೆ ಪತ್ರ ಬರೆದು, ಒಳಗೆ ವ್ಯಾನುಗಳಿಗೂ ಹತ್ತು ಜಾಗ ಬಿಡಿಸಿದೆ.