ಊರಿನ ಶಾಸನ ಓದಿ ಕಿರುಪ್ರಬಂಧ ಬರೆಯುವುದು ಹೇಗೆ?

ಇತಿಹಾಸ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಊರ ಗುಡಿಯ ಮುಂದೆ ಒಂಬೈನೂರು ವರ್ಷದ ಕಲ್ಲು ನಿಂತಿರುತ್ತದೆ. ಪ್ರಬಂಧ ಮಾತ್ರ ಹರಪ್ಪದಿಂದ ಶುರುವಾಗಿ ಊರಿಗೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ. ಶಾಸನ ಹಿಡಿದವರೂ ಇಸವಿಯಲ್ಲಿ ಎಡವುತ್ತಾರೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದೇ ಕಲ್ಲನ್ನು ಆರಿಸಿಕೊಳ್ಳಿ. ಒಂದು ಸಾಕು.

ಎರಡನೆಯದು, ಅದು ಅಚ್ಚಾಗಿದೆಯೇ ಎಂದು ನೋಡುವುದು. ನಮ್ಮ ಹುಡುಗರು ನೇರವಾಗಿ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಪುಟಗಳನ್ನು ತೆರೆದು, ಊರಿನ ಹೆಸರು ಕಾಣದೆ ಕೈಚೆಲ್ಲುತ್ತಾರೆ. ಅದು ಮುಖ್ಯವಾಗಿ ಹಳೆಯ ಮೈಸೂರು ಸೀಮೆಯದು. 1953ರವರೆಗೆ ಬಳ್ಳಾರಿ ಮದರಾಸಿಗೆ ಸೇರಿತ್ತು. ಅಲ್ಲಿಯ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 9ನೆಯ ಸಂಪುಟದಲ್ಲಿ ಹುಡುಕಬೇಕು. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. 1915ರಲ್ಲಿ ಸಿಕ್ಕ ಮಸ್ಕಿಯ ಅಶೋಕ ಶಾಸನ ಹೊರಬಂದದ್ದೂ ಹೈದರಾಬಾದಿನ ಪುರಾತತ್ವ ಮಾಲೆಯಲ್ಲೇ. ಹಳೆಯ ಸೂಚಿಗಳಲ್ಲಿ ಕೊಪ್ಪಳದ ಊರುಗಳು ರಾಯಚೂರು ಜಿಲ್ಲೆಯ ಕೆಳಗಿರುತ್ತವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಸಂಪುಟಗಳನ್ನೂ ನೋಡಿ.

ಮೂರನೆಯದು, ಕಲ್ಲಿನ ಎದುರು ಕೂರುವುದು. ಬೆಳಿಗ್ಗೆ ಏಳಕ್ಕೆ ಅಥವಾ ಇಳಿಹೊತ್ತಿಗೆ ಹೋಗಿ. ಓರೆ ಬಿಸಿಲಿಗೆ ಅಕ್ಷರ ತಾನಾಗಿ ಏಳುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಕನ್ನಡಿಯಿಂದ ಬೆಳಕನ್ನು ಪಕ್ಕಕ್ಕೆ ಬೀಳಿಸಿ. ಸುಣ್ಣ, ಸೀಮೆಸುಣ್ಣ, ಎಣ್ಣೆ ಏನನ್ನೂ ಬಳಿಯಬಾರದು. ನೆಲ ತೊಳೆಯುವ ಆಸಿಡ್ ಸುರಿದು, ತಂತಿ ಬ್ರಷ್‌ನಿಂದ ಉಜ್ಜಿದ ಕಲ್ಲೊಂದನ್ನು ಕಂಡಿದ್ದೇನೆ; ಅದರ ಮೊದಲ ನಾಲ್ಕು ಸಾಲು ಇನ್ನು ಯಾರಿಗೂ ಸಿಗುವುದಿಲ್ಲ. ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ಮ ಮತ್ತು ವ ಒಂದೇ ತರಹ ಕಾಣುತ್ತವೆ. ಅನುಮಾನವಿದ್ದ ಅಕ್ಷರವನ್ನು ಕಂಸದಲ್ಲಿಡಿ, ಊಹಿಸಿ ತುಂಬಬೇಡಿ.

ಈಗ ಇಸವಿ. ಇಲ್ಲಿ ಅವಸರ ಬೇಡ. ಶಕವರ್ಷವಿದ್ದರೆ, ಸಾಮಾನ್ಯವಾಗಿ ಅದು ಕಳೆದ, ಅಂದರೆ ಪೂರ್ತಿ ಮುಗಿದ ವರ್ಷಗಳ ಲೆಕ್ಕ, 78 ಕೂಡಿಸಬೇಕು. ಶಕ 1216 ಎಂದರೆ ಕ್ರಿ.ಶ. 1294. ಆದರೆ ಕೆಲವು ಕಡೆ ನಡೆಯುತ್ತಿರುವ ವರ್ಷವನ್ನೇ ಕೊಟ್ಟಿರುತ್ತಾರೆ, ಆಗ 77. ಯಾವುದೆಂದು ಹೇಳುವುದು ಸಂವತ್ಸರದ ಹೆಸರು. 1294 ಜಯ ಸಂವತ್ಸರ. ಹೆಸರು ಕೂಡದಿದ್ದರೆ ಒಂದು ವರ್ಷ ಹಿಂದೆ ಮುಂದೆ ನೋಡಿ.

ನಮ್ಮ ಸೀಮೆಯಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಲುಗಳು ಹೇರಳ. ಅವುಗಳಲ್ಲಿ ಶಕದ ಬದಲು ಅವನೇ ಶುರುಮಾಡಿದ ಚಾಳುಕ್ಯ ವಿಕ್ರಮ ವರ್ಷವಿರುತ್ತದೆ. ಅದಕ್ಕೆ 1075 ಕೂಡಿಸಬೇಕು. 37ನೆಯ ವರ್ಷವೆಂದರೆ 1112, ಇಟಗಿಯ ಮಹಾದೇವ ದೇವಾಲಯದ ಕಾಲ. ಮೊದಲ ವರ್ಷ ನಳ ಸಂವತ್ಸರ. ಅಲ್ಲಿಂದ ಬೆರಳು ಮಡಚುತ್ತ ಬಂದರೆ 37ನೆಯದು ನಂದನ. ಹೀಗೆ ವರ್ಷದ ಲೆಕ್ಕ, ಸಂವತ್ಸರದ ಹೆಸರು ಎರಡೂ ಒಂದಕ್ಕೊಂದು ಹೊಂದಿದ ಮೇಲೆಯೇ ಇಸವಿ ಬರೆಯಿರಿ.

ಮಾಘ, ಫಾಲ್ಗುಣಗಳಾದರೆ ಇನ್ನೊಂದು ಸೇರಿಸಿ. ಆಗ ಇಸವಿ ದಾಟಿರುತ್ತದೆ. ಪುಷ್ಯದಲ್ಲಿ ಎಚ್ಚರ. ಉತ್ತರಾಯಣ ಸಂಕ್ರಾಂತಿಯ ದಾನವೆಂದರೆ ಎಲ್ಲರೂ ಜನವರಿ ಎಂದುಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಸಂಕ್ರಾಂತಿ ಬೀಳುತ್ತಿದ್ದದ್ದು ಡಿಸೆಂಬರ್ 24 ಅಥವಾ 25ಕ್ಕೆ, ಇಸವಿ ಇನ್ನೂ ದಾಟಿರುವುದಿಲ್ಲ. ಇದೊಂದು ತಿಳಿಯದೆ ಪೂರಾ ವರ್ಷ ತಪ್ಪಿಸಿದ ಪ್ರಬಂಧಗಳು ಎಷ್ಟೋ. ಮೊಬೈಲಿನ ಪಂಚಾಂಗವನ್ನು ನೆಚ್ಚಬೇಡಿ. ಹಳೆಯ ತಿಥಿಗಳನ್ನು ಇಂಗ್ಲಿಷ್ ತಾರೀಕಿಗೆ ತಿರುಗಿಸುವ ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳನ್ನು ಗ್ರಂಥಾಲಯದಲ್ಲಿ ಕುಳಿತು ನೋಡಿ.

ಬರವಣಿಗೆಯಲ್ಲಿ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಮುಂತಾದ ಬಿರುದುಗಳಿಗೆ ಎರಡು ಸಾಲು ಸಾಕು, ಅವು ಎಲ್ಲ ಕಲ್ಲಿನಲ್ಲೂ ಇವೆ. ನಿಮ್ಮ ಊರಿನ ಇತಿಹಾಸ ಇರುವುದು ಕೆಳಗಿನ ಸಾಲುಗಳಲ್ಲಿ: ಎಷ್ಟು ಮತ್ತರು (ಹಳೆಯ ಭೂಅಳತೆ) ಹೊಲ ಬಿಟ್ಟರು, ಯಾವ ಕೆರೆಯ ಕೆಳಗೆ, ಗಾಣಕ್ಕೆ ಎಷ್ಟು ಎಣ್ಣೆ, ಮೂಡಣ ಗಡಿಗೆ ಏನು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ಪ್ರಬಂಧದಲ್ಲಿ ಇದು ಇರುವುದಿಲ್ಲ, ಅದನ್ನು ಕೊಳ್ಳಲೇಬೇಡಿ.

ಕೊನೆಗೆ ಆ ಗಡಿಗಳನ್ನು ಬರೆದುಕೊಂಡು, ಊರಿನ ಹಿರಿಯ ರೈತರೊಬ್ಬರ ಜೊತೆ ಹೊಲಕ್ಕೆ ನಡೆಯಿರಿ. ಕೆರೆ, ಹಳ್ಳ, ದಾರಿಗಳಿಗೆ ಅವರು ಯಾವ ಹೆಸರು ಹೇಳುತ್ತಾರೋ ಅದನ್ನೇ, ಅವರ ಉಚ್ಚಾರಣೆಯಲ್ಲೇ, ಬದುವಿನ ಮೇಲೆ ನಿಂತು ಬರೆದುಕೊಳ್ಳಿ.